ಕಚ್ಚಿದ ಗಾಯದ ಮೇಲಿನ ಎಂಜಲಿನಿಂದ ಕಳ್ಳನನ್ನು ಹಿಡಿಯಬಹುದಾ? ಹಲ್ಲಿನ ಗುರುತು ಕೋರ್ಟಿನಲ್ಲಿ ನಿಲ್ಲುತ್ತಾ?

ಬ್ರಹ್ಮಪುರದವ
ಎಲ್ಲರಿಗೂ ಶರಣು. ಗೊತ್ತಿದ್ದವರು ದಯವಿಟ್ಟು ಹೇಳಿ. ಮೊನ್ನೆ ಕತ್ತಲಾದ ಮೇಲೆ ನಮ್ಮ ಕಾಕು ಶರಣಬಸವೇಶ್ವರ ಗುಡಿಯಿಂದ ಮನೆಗೆ ನಡೆದು ಬರುತ್ತಿದ್ದರು. ಬೈಕಿನಲ್ಲಿ ಇಬ್ಬರು ಬಂದರು. ಹಿಂದೆ ಕೂತವನು ಇಳಿದು ಕೊರಳಿನ ಸರಕ್ಕೆ ಕೈ ಹಾಕಿದ. ಕಾಕು ಅವನ ಅಂಗಿ ಹಿಡಿದವರು ಬಿಡಲೇ ಇಲ್ಲ, ಕೊನೆಗೆ ಅವನು ಅವರ ತೋಳಿಗೆ ಕಚ್ಚಿ ಬಿಡಿಸಿಕೊಂಡು ಸರದ ಸಮೇತ ಓಡಿಹೋದ. ಜಂಪರಿನ ತೋಳು ಮುಗಿಯುವ ಜಾಗದಲ್ಲಿ ಕಚ್ಚಿದ್ದಾನೆ, ಅರ್ಧ ಬಟ್ಟೆ ಮೇಲೆ, ಅರ್ಧ ಚರ್ಮದ ಮೇಲೆ. ಮನೆಗೆ ಬಂದವರೇ ಸಾಬೂನು ಹಚ್ಚಿ ತೊಳೆದು ಅರಿಶಿನ ಮೆತ್ತಿದ್ದಾರೆ. ಮರುದಿನ ದೂರು ಕೊಟ್ಟೆವು. ಅದರಲ್ಲಿ ಸರ ಕಿತ್ತುಕೊಂಡು ಹೋದದ್ದು ಮಾತ್ರ ಬಂದಿದೆ, ಕಚ್ಚಿದ್ದು ಬಂದಿಲ್ಲ. ಅಂಗಡಿಯ ಕ್ಯಾಮೆರಾದಲ್ಲಿ ಬೈಕಿನ ನಂಬರ್ ಕಾಣುತ್ತಿಲ್ಲ. ನನ್ನ ಪ್ರಶ್ನೆ ಇಷ್ಟೇ. ತೋಳಿನ ಮೇಲೆ ಹಲ್ಲಿನ ಗುರುತು ಇನ್ನೂ ಚೆನ್ನಾಗಿ ಕಾಣುತ್ತಿದೆ. ಅದನ್ನು ಇಟ್ಟುಕೊಂಡು ಆಳನ್ನು ಪತ್ತೆ ಹಚ್ಚಬಹುದಾ?

ಆಳಂದ ನಾಕಾ
ಯಾಕೆ ಆಗಲ್ಲ ಅಣ್ಣಾ? ದಿಲ್ಲಿಯ ನಿರ್ಭಯಾ ಕೇಸಿನಲ್ಲಿ ಹಲ್ಲಿನ ಗುರುತನ್ನೇ ಸಾಕ್ಷಿಯಾಗಿ ಕೊಟ್ಟರಲ್ಲ. ಅದನ್ನು ನೋಡಿ ವರದಿ ಕೊಟ್ಟದ್ದು ನಮ್ಮ ಧಾರವಾಡದ ಡಾಕ್ಟರು. ಈಗಲೇ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಸಿಕ್ಕಿಬಿದ್ದವನ ಹಲ್ಲಿನ ಜೊತೆ ಹೋಲಿಸಿದರೆ ಮುಗಿಯಿತು.

ಹಲ್ಲಿನ ಡಾಕ್ಟರ್
ಆಳಂದ ನಾಕಾದವರೇ, ಫೋಟೊ ತೆಗೆಯಬೇಕು ಅನ್ನುವುದು ಸರಿ. "ಮುಗಿಯಿತು" ಅನ್ನುವುದು ಸರಿಯಲ್ಲ. ನಾನು ಕಲಬುರಗಿಯಲ್ಲೇ ಓದಿ ಇಲ್ಲೇ ಕ್ಲಿನಿಕ್ ನಡೆಸುವವಳು, ಹಲ್ಲೇ ನನ್ನ ಕೆಲಸ, ಆದರೂ ಹೇಳುತ್ತೇನೆ: ಹಲ್ಲಿನ ಗುರುತು ಒಂದನ್ನೇ ನಂಬಿ ಯಾರನ್ನೂ ಜೈಲಿಗೆ ಕಳಿಸಬಾರದು.

ಮೊದಲು ನಿರ್ಭಯಾ ಕೇಸು. 2012ರ ಡಿಸೆಂಬರ್ 16ರ ಘಟನೆ. ಗಾಯಗಳ ಫೋಟೊ ಮತ್ತು ಆರೋಪಿಗಳ ಹಲ್ಲಿನ ಅಚ್ಚುಗಳು ಧಾರವಾಡದ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜಿಗೆ ಬಂದವು. ಡಾ. ಅಸಿತ್ ಆಚಾರ್ಯ ಹೋಲಿಸಿ ವರದಿ ಕೊಟ್ಟರು, ಕೋರ್ಟಿನಲ್ಲಿ ಸಾಕ್ಷಿಯನ್ನೂ ಹೇಳಿದರು. 2017ರ ಮೇ 5ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಆ ವರದಿಯ ಚರ್ಚೆ ಇದೆ. ನಮ್ಮ ರಾಜ್ಯದ ಕಾಲೇಜು ಅಂಥ ಕೆಲಸ ಮಾಡಿತು ಅಂತ ನನಗೂ ಹೆಮ್ಮೆ ಇದೆ. ಆದರೆ ಆ ಕೇಸು ನಿಂತದ್ದು ಬರೀ ಹಲ್ಲಿನ ಮೇಲಲ್ಲ. ಮರಣಕಾಲದ ಹೇಳಿಕೆಗಳಿದ್ದವು, ಜೊತೆಗಿದ್ದ ಸ್ನೇಹಿತನ ಸಾಕ್ಷಿ ಇತ್ತು, ಡಿಎನ್‌ಎ ಇತ್ತು. ಹಲ್ಲು ಅವುಗಳ ಪಕ್ಕದಲ್ಲಿ ನಿಂತಿತ್ತು, ಅಷ್ಟೇ.

ಈಗ ಇನ್ನೊಂದು ಕೇಸು ಕೇಳಿ. ಅಮೆರಿಕದ ಅರಿಜೋನಾ ರಾಜ್ಯ, ಫೀನಿಕ್ಸ್ ನಗರ, 1991ರ ಡಿಸೆಂಬರ್. ಬಾರ್‌ನಲ್ಲಿ ಕೆಲಸ ಮಾಡುತ್ತಿದ್ದ ಹೆಣ್ಣುಮಗಳೊಬ್ಬಳ ಕೊಲೆ. ಮೈಮೇಲೆ ಕಚ್ಚಿದ ಗುರುತು. ಅದೇ ಬಾರ್‌ಗೆ ಬಂದು ಹೋಗುತ್ತಿದ್ದ ರೇ ಕ್ರೋನ್ ಎಂಬಾತನ ಮುಂದಿನ ಹಲ್ಲುಗಳು ಸ್ವಲ್ಪ ಓರೆ. ಪೊಲೀಸರು ಥರ್ಮಾಕೋಲಿನಂಥ ಹಾಳೆ ಕೊಟ್ಟು ಕಚ್ಚಿಸಿದರು. ಹೊಂದಾಣಿಕೆ ಆಗುತ್ತದೆ ಅಂತ ತಜ್ಞರು ಹೇಳಿದರು. 1992ರಲ್ಲಿ ಮರಣದಂಡನೆ. 1996ರಲ್ಲಿ ಮತ್ತೆ ವಿಚಾರಣೆ ನಡೆದು ಮತ್ತೆ ಅಪರಾಧಿ ಅಂತಲೇ ಆಯಿತು, ಶಿಕ್ಷೆ ಮಾತ್ರ ಜೀವಾವಧಿಗೆ ಇಳಿಯಿತು. 2002ರಲ್ಲಿ ಆ ಮಹಿಳೆಯ ಬಟ್ಟೆಯ ಮೇಲಿದ್ದ ಎಂಜಲಿನ ಡಿಎನ್‌ಎ ಪರೀಕ್ಷೆ ಮಾಡಿದರೆ ಅದು ಬೇರೆಯವನದು! ಆ ಬೇರೆಯವನು ಆಗಲೇ ಇನ್ನೊಂದು ಕೇಸಿನಲ್ಲಿ ಜೈಲಿನಲ್ಲಿದ್ದ. ಕ್ರೋನ್ ಹತ್ತು ವರ್ಷ ಜೈಲಿನಲ್ಲಿ ಕಳೆದು ಹೊರಗೆ ಬಂದ. ಒಂದೇ ಕೇಸಿನಲ್ಲಿ ಹಲ್ಲು ತಪ್ಪು ಮನುಷ್ಯನನ್ನು ತೋರಿಸಿತು, ಎಂಜಲು ಸರಿಯಾದವನನ್ನು ತೋರಿಸಿತು. ಇದನ್ನು ಓದಿದಾಗಿನಿಂದ ಹಲ್ಲಿನ ಗುರುತಿನ ಬಗ್ಗೆ ಯಾರಾದರೂ ಧೈರ್ಯವಾಗಿ ಮಾತಾಡಿದರೆ ನನಗೆ ಭಯವಾಗುತ್ತದೆ.

ಯಾಕೆ ಹೀಗೆ ಅಂದರೆ, ಚರ್ಮ ಅಚ್ಚು ತೆಗೆಯುವ ವಸ್ತು ಅಲ್ಲ. ಎಳೆದರೆ ಹಿಗ್ಗುತ್ತದೆ, ಬಾವು ಬರುತ್ತದೆ, ಎರಡು ದಿನದಲ್ಲಿ ರಕ್ತ ಹೆಪ್ಪುಗಟ್ಟಿ ಗುರುತಿನ ಅಂಚು ಹರಡುತ್ತದೆ. ತೋಳು ಮಡಚಿದ್ದಾಗ ಕಚ್ಚಿದ ಗುರುತು ತೋಳು ಚಾಚಿದಾಗ ಬೇರೆ ಆಕಾರ ತಾಳುತ್ತದೆ. ಕಚ್ಚುವಾಗ ಕೊಸರಾಟ ಬೇರೆ ಇರುತ್ತದೆ, ಹಲ್ಲು ಜಾರುತ್ತದೆ. ಅಮೆರಿಕದಲ್ಲಿ ಪರಿಣತ ದಂತ ತಜ್ಞರಿಗೇ ಫೋಟೊ ಕೊಟ್ಟು ಪರೀಕ್ಷಿಸಿದಾಗ, ಇದು ಮನುಷ್ಯ ಕಚ್ಚಿದ ಗುರುತು ಹೌದೋ ಅಲ್ಲವೋ ಎಂಬುದರಲ್ಲೇ ಒಮ್ಮತ ಬರಲಿಲ್ಲ. 1954ರಲ್ಲಿ ಟೆಕ್ಸಾಸ್‌ನಲ್ಲಿ ಕಳ್ಳನೊಬ್ಬ ಕಚ್ಚಿಟ್ಟ ಚೀಸ್ ತುಂಡಿನ ಮೇಲೆ ಶಿಕ್ಷೆಯಾಗಿತ್ತು. ಅದೇ ಟೆಕ್ಸಾಸ್‌ನ ವಿಧಿ ವಿಜ್ಞಾನ (ಫೊರೆನ್ಸಿಕ್) ಆಯೋಗ 2016ರಲ್ಲಿ ಕಚ್ಚಿದ ಗುರುತಿನ ಸಾಕ್ಷಿಯನ್ನು ಸದ್ಯಕ್ಕೆ ಕೋರ್ಟಿನಲ್ಲಿ ಬಳಸಬೇಡಿ ಅಂತ ಶಿಫಾರಸು ಮಾಡಿತು.

ಬ್ರಹ್ಮಪುರದವರೇ, ಈಗ ನನ್ನ ಪ್ರಶ್ನೆ. ಕಾಕು ಅವರ ಜಂಪರ್ ಒಗೆದಿದ್ದಾರಾ?

ಬ್ರಹ್ಮಪುರದವ
ಡಾಕ್ಟರ್ ಮೇಡಂ, ಈಗಷ್ಟೇ ಕೇಳಿದೆ. ತೋಳು ಹರಿದಿದೆ ಅಂತ ಒಗೆಯದೆ ಹಾಗೇ ಗೂಟಕ್ಕೆ ಹಾಕಿದ್ದಾರಂತೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಲಾ?

ಬೀದರ ನರ್ಸಮ್ಮ
ಬೇಡ ತಮ್ಮಾ! ಪ್ಲಾಸ್ಟಿಕ್ ಮುಟ್ಟಲೇಬೇಡ. ಒಳಗೆ ಬೆವರು ಕಟ್ಟುತ್ತದೆ, ಬೂಸು ಬರುತ್ತದೆ, ಸೂಕ್ಷ್ಮಜೀವಿಗಳು ಡಿಎನ್‌ಎ ಹಾಳು ಮಾಡುತ್ತವೆ. ನಮ್ಮ ಕಡೆಯ ಬೇಸಿಗೆಯಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಕಾಗದದ ಕವರ್ ತಗೋ, ಖಾಕಿ ಬಣ್ಣದ ದೊಡ್ಡ ಲಕೋಟೆ ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ. ಕಚ್ಚಿದ ಜಾಗ ಕೈಯಿಂದ ಮುಟ್ಟಬೇಡ. ಬಟ್ಟೆ ಝಾಡಿಸಬೇಡ. ಹತ್ತಿರ ಹೋಗಿ ಕೆಮ್ಮಬೇಡ, ಮಾತಾಡಲೂ ಬೇಡ, ನಿನ್ನ ಉಗುಳಿನ ಹನಿ ಅದರ ಮೇಲೆ ಬಿದ್ದರೆ ನಿನ್ನದೇ ಡಿಎನ್‌ಎ ಸೇರಿಕೊಳ್ಳುತ್ತದೆ. ಸಾಧ್ಯವಾದರೆ ನೀನು ತೆಗೆಯುವುದೇ ಬೇಡ, ತನಿಖೆ ಮಾಡುವವರನ್ನೇ ಮನೆಗೆ ಕರೆದು ಪಂಚರ ಮುಂದೆ ತೆಗೆಸು.

ಹಲ್ಲಿನ ಡಾಕ್ಟರ್
ನರ್ಸಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ಒಣಗಿದ ಎಂಜಲು ಬಟ್ಟೆಯ ಮೇಲೆ ಬಹಳ ದಿನ ಉಳಿಯುತ್ತದೆ. ಚರ್ಮ ತೊಳೆದಾಗಿದೆ, ಆ ಜಾಗದಲ್ಲಿ ಸಿಗುವ ಸಾಧ್ಯತೆ ಕಡಿಮೆ. ಜಂಪರ್ ಇರುವುದು ದೊಡ್ಡ ಪುಣ್ಯ.

ಎಂಜಲಿನಲ್ಲಿ ಏನಿರುತ್ತದೆ ಅಂತ ಹೇಳಿಬಿಡುತ್ತೇನೆ. ನಮ್ಮ ಬಾಯಲ್ಲಿ ದಿನಕ್ಕೆ ಸುಮಾರು ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಬರುತ್ತದೆ. ಕೆನ್ನೆಯ ಒಳಪದರದ ಜೀವಕಣಗಳು ಸದಾ ಉದುರಿ ಅದರಲ್ಲಿ ಸೇರುತ್ತಿರುತ್ತವೆ. ಡಿಎನ್‌ಎ ಸಿಗುವುದು ಮುಖ್ಯವಾಗಿ ಆ ಕಣಗಳಿಂದ. ಜೊಲ್ಲಿನಲ್ಲಿ ಅಮೈಲೇಸ್ ಅನ್ನುವ ಕಿಣ್ವವೂ ಇದೆ, ಜೋಳದ ರೊಟ್ಟಿ ಬಾಯಲ್ಲಿ ಜಾಸ್ತಿ ಹೊತ್ತು ಅಗಿದರೆ ಸಿಹಿಯಾಗುವುದು ಇದರಿಂದಲೇ. ಪ್ರಯೋಗಾಲಯದವರು ಬಟ್ಟೆಯ ಮೇಲೆ ಎಂಜಲು ಎಲ್ಲಿದೆ ಅಂತ ಹುಡುಕುವಾಗ ಈ ಅಮೈಲೇಸ್‌ಗೇ ಪರೀಕ್ಷೆ ಮಾಡುತ್ತಾರೆ. ಅಮೈಲೇಸ್ ಬೇರೆ ದೇಹದ್ರವಗಳಲ್ಲೂ ಸ್ವಲ್ಪ ಇರುತ್ತದೆ, ಹಾಗಾಗಿ ಅದು ಬರೀ ದಾರಿ ತೋರಿಸುವ ಪರೀಕ್ಷೆ. ಯಾರದು ಅಂತ ಹೇಳುವುದು ಡಿಎನ್‌ಎ ಮಾತ್ರ.

ಚರ್ಮದ ಮೇಲಿನಿಂದ ತೆಗೆಯುವ ರೀತಿಯನ್ನು ಕೆನಡಾದ ದಂತ ತಜ್ಞ ಡೇವಿಡ್ ಸ್ವೀಟ್ ಮತ್ತು ಜೊತೆಗಾರರು 1997ರಲ್ಲಿ ತೋರಿಸಿಕೊಟ್ಟರು. ಎರಡು ಹತ್ತಿ ಕಡ್ಡಿ ಬೇಕು. ಮೊದಲನೆಯದನ್ನು ಶುದ್ಧ ನೀರಿನಲ್ಲಿ ಅದ್ದಿ, ಗುರುತಿನ ಮೇಲೆ ಹಗುರವಾಗಿ ಸುತ್ತು ಸುತ್ತಾಗಿ ಆಡಿಸಬೇಕು, ಕಡ್ಡಿಯನ್ನೂ ಬೆರಳಲ್ಲಿ ತಿರುಗಿಸುತ್ತಿರಬೇಕು. ಒಣಗಿ ಅಂಟಿದ ಕಣಗಳು ನೆನೆದು ಮೇಲೇಳುತ್ತವೆ. ಆಮೇಲೆ ಅದೇ ಜಾಗಕ್ಕೆ ಎರಡನೆಯ ಒಣ ಕಡ್ಡಿ. ಚರ್ಮದ ಮೇಲೆ ಉಳಿದ ತೇವವನ್ನು ಕಣಗಳ ಸಮೇತ ಅದು ಹೀರಿಕೊಳ್ಳುತ್ತದೆ. ಎರಡನ್ನೂ ಗಾಳಿಗೆ ಒಣಗಿಸಿ ಕಾಗದದ ಕವರ್‌ಗೆ ಹಾಕಬೇಕು. ಜೋರಾಗಿ ತಿಕ್ಕಿದರೆ ಗಾಯಗೊಂಡವರ ಚರ್ಮದ ಕಣಗಳೇ ಜಾಸ್ತಿ ಬಂದು ಕಚ್ಚಿದವನದು ಮುಳುಗಿಹೋಗುತ್ತದೆ. ಅದಕ್ಕೇ ಗಾಯಗೊಂಡವರ ಕೆನ್ನೆಯ ಒಳಗಿನ ಮಾದರಿಯನ್ನೂ ಬೇರೆಯಾಗಿ ತೆಗೆದಿಡಬೇಕು, ಯಾವುದು ಯಾರದು ಅಂತ ಬಿಡಿಸಲು. ಕೆನಡಾದಲ್ಲಿ ನೀರಿನಲ್ಲಿ ಗಂಟೆಗಟ್ಟಲೆ ಮುಳುಗಿದ್ದ ದೇಹದ ಮೇಲಿನ ಕಚ್ಚಿದ ಗುರುತಿನಿಂದಲೂ ಹೀಗೆ ಡಿಎನ್‌ಎ ತೆಗೆದಿದ್ದಾರೆ. ಆದ್ದರಿಂದ ತೊಳೆದಾಗಿದೆ ಅಂತ ಪೂರ್ತಿ ಕೈಬಿಡಬೇಡಿ, ಬೇಗ ಹೋಗಿ ಕೇಳಿ.

ಶಹಾಪುರ ಮೇಷ್ಟ್ರು
ಒಂದು ಸಂದೇಹ ಮೇಡಂ. ಮನುಷ್ಯ ಕಚ್ಚಿದರೆ ಸೋಂಕು ಬೇಗ ಆಗುತ್ತದೆ, ಕೂಡಲೇ ತೊಳೆಯಿರಿ ಅಂತ ನಾವೇ ಶಾಲೆಯಲ್ಲಿ ಮಕ್ಕಳಿಗೆ ಹೇಳುತ್ತೇವೆ. ನಿಮ್ಮ ಮಾತು ಕೇಳಿದರೆ ತೊಳೆಯದೇ ಇರಬೇಕಿತ್ತು ಅನ್ನಿಸುತ್ತದೆ. ಯಾವುದನ್ನು ಕೇಳಬೇಕು?

ಬೀದರ ನರ್ಸಮ್ಮ
ಇದಕ್ಕೆ ನಾನು ಹೇಳುತ್ತೇನೆ ಸರ್, ಕ್ಯಾಜುವಾಲ್ಟಿಯಲ್ಲಿ ಇದೇ ನಮ್ಮ ದಿನನಿತ್ಯದ ಕೆಲಸ. ಎರಡು ಕಡ್ಡಿ ಆಡಿಸಲು ಕೆಲವೇ ನಿಮಿಷ ಸಾಕು. ಆಸ್ಪತ್ರೆ ಹತ್ತಿರವಿದ್ದರೆ ತೊಳೆಯದೆ ಬನ್ನಿ, ಒಣ ಶುದ್ಧ ಬಟ್ಟೆಯನ್ನು ಸಡಿಲವಾಗಿ ಹೊದಿಸಿಕೊಂಡು ಬನ್ನಿ, ಅರಿಶಿನ, ಸುಣ್ಣ, ಮುಲಾಮು ಏನೂ ಹಚ್ಚಬೇಡಿ. ಬಂದ ಕೂಡಲೇ "ಮನುಷ್ಯ ಕಚ್ಚಿದ್ದಾನೆ, ಎಂಎಲ್‌ಸಿ ಮಾಡಿ, ಸ್ವ್ಯಾಬ್ ತೆಗೆದು ಆಮೇಲೆ ತೊಳೆಯಿರಿ" ಅಂತ ಬಾಯಿಬಿಟ್ಟು ಹೇಳಿ. ಎಂಎಲ್‌ಸಿ ಅಂದರೆ ಪೊಲೀಸ್ ಕೇಸಿಗೆ ಬೇಕಾದ ಗಾಯದ ಆಸ್ಪತ್ರೆ ದಾಖಲೆ, ಸ್ವ್ಯಾಬ್ ಅಂದರೆ ಹತ್ತಿ ಕಡ್ಡಿಯಿಂದ ತೆಗೆಯುವ ಮಾದರಿ. ಗದ್ದಲದಲ್ಲಿ ಯಾರಿಗೂ ಹೊಳೆಯುವುದಿಲ್ಲ, ಗಾಯ ಕಂಡ ಕೂಡಲೇ ನಮ್ಮ ಕೈ ಸಲೈನ್ ಬಾಟಲಿಗೇ ಹೋಗುತ್ತದೆ. ಆಸ್ಪತ್ರೆ ದೂರ ಇದ್ದು, ರಕ್ತ ಬರುತ್ತಿದ್ದು, ತಲುಪಲು ಗಂಟೆಗಟ್ಟಲೆ ಬೇಕಿದ್ದರೆ ತೊಳೆದೇಬಿಡಿ. ಜೀವ ಮೊದಲು. ಟಿಟಿ ಇಂಜೆಕ್ಷನ್ ಹಾಕಿಸಿ, ಹೆಪಟೈಟಿಸ್ ಬಿ ಬಗ್ಗೆ ಡಾಕ್ಟರನ್ನು ಕೇಳಿ. ಬ್ರಹ್ಮಪುರದ ತಮ್ಮಾ, ನಿಮ್ಮ ಕಾಕುಗೆ ಇದೆಲ್ಲ ಆಗಿದೆಯಾ? ಆಗಿಲ್ಲದಿದ್ದರೆ ಇವತ್ತೇ ಕರೆದುಕೊಂಡು ಹೋಗು.

ಆಳಂದ ನಾಕಾ
ಮನೆಯಲ್ಲೇ ಕಿವಿಗೆ ಹಾಕುವ ಹತ್ತಿ ಕಡ್ಡಿಯಿಂದ ತೆಗೆದು ಕೊಟ್ಟರೆ ಆಗಲ್ವಾ?

ಜೇವರ್ಗಿ ರಸ್ತೆ ವಕೀಲ
ಆಗಲ್ಲ ಅಣ್ಣಾ. ಯಾರು ತೆಗೆದರು, ಯಾವಾಗ ತೆಗೆದರು, ಯಾರ ಕೈಯಿಂದ ಯಾರ ಕೈಗೆ ಹೋಯಿತು, ಮೊಹರು ಯಾರದು, ಪ್ರಯೋಗಾಲಯ ತಲುಪಿದಾಗ ಮೊಹರು ಸರಿಯಾಗಿತ್ತಾ, ಇದೆಲ್ಲ ಕಾಗದದ ಮೇಲೆ ಬೇಕು. ಪಾಟೀ ಸವಾಲಿನಲ್ಲಿ ನಾವು ಮೊದಲು ಹಿಡಿಯುವುದೇ ಇದನ್ನು. ನೀವು ಮನೆಯಲ್ಲಿ ತೆಗೆದ ಕಡ್ಡಿಗೆ ಈ ಯಾವ ಉತ್ತರವೂ ಇರುವುದಿಲ್ಲ.

ಬ್ರಹ್ಮಪುರದವರೇ, ನಿಮ್ಮ ವಿಷಯದಲ್ಲಿ ನನಗೆ ಕಾಣುವ ದೊಡ್ಡ ಕೊರತೆ ದೂರಿನಲ್ಲಿ ಕಚ್ಚಿದ್ದು ಬರದೇ ಇರುವುದು. ಬರೀ ಸರ ಕಿತ್ತರೆ ಅದು ಭಾರತೀಯ ನ್ಯಾಯ ಸಂಹಿತೆಯ 304ನೇ ಕಲಮು, ಮೂರು ವರ್ಷದವರೆಗೆ ಶಿಕ್ಷೆ. ಕದ್ದ ಮಾಲು ಒಯ್ಯಲು ಬೇಕೆಂದೇ ಗಾಯ ಮಾಡಿದರೆ ಅದು ಸುಲಿಗೆ, 309ನೇ ಕಲಮು. ಗಾಯ ಮಾಡಿ ಸುಲಿಗೆ ಮಾಡಿದ್ದಕ್ಕೆ 309(6), ಜೀವಾವಧಿ ಅಥವಾ ಹತ್ತು ವರ್ಷದವರೆಗೆ ಕಠಿಣ ಶಿಕ್ಷೆ. ಎಷ್ಟು ವ್ಯತ್ಯಾಸ ನೋಡಿ. ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯ ಅಪರಾಧಗಳಲ್ಲಿ ವಿಧಿ ವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷಿ ಸಂಗ್ರಹಿಸಬೇಕು ಅಂತ ತನಿಖೆ, ವಿಚಾರಣೆಯ ಕ್ರಮ ಹೇಳುವ ಕಾನೂನಾದ ನಾಗರಿಕ ಸುರಕ್ಷಾ ಸಂಹಿತೆಯ 176(3) ಹೇಳುತ್ತದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಅವಕಾಶ ಕೊಟ್ಟಿದ್ದಾರೆ ಅನ್ನುವುದು ನಿಜ. ಆದರೂ ಕಲಮು ಸರಿಯಾಗಿ ಬಿದ್ದರೆ ನೀವು ಒತ್ತಾಯಿಸಿ ಕೇಳಬಹುದು. ಕಲಬುರಗಿಯಲ್ಲೇ ಪ್ರಾದೇಶಿಕ ವಿಧಿ ವಿಜ್ಞಾನ ಪ್ರಯೋಗಾಲಯ ಇದೆ.

ನಾಳೆಯೇ ಹೋಗಿ ಕಾಕು ಅವರ ಪುರವಣಿ ಹೇಳಿಕೆ ಕೊಡಿಸಿ. ಯಾವ ತೋಳು, ಯಾವ ಜಾಗ, ಜಂಪರಿನ ಬಣ್ಣ ಯಾವುದು, ಒಗೆದಿಲ್ಲ ಅನ್ನುವುದು, ಎಲ್ಲ ಅದರಲ್ಲಿ ಬರಲಿ. ಜಂಪರನ್ನು ಪಂಚನಾಮೆ ಮಾಡಿ ಮುದ್ದೆಮಾಲಾಗಿ, ಅಂದರೆ ಕೇಸಿನ ಸಾಕ್ಷಿ ವಸ್ತುವಾಗಿ, ವಶಕ್ಕೆ ತಗೊಳ್ಳಲಿ. ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಇನ್ನೊಂದು ಮಾತು. ಕಚ್ಚಿದ್ದನ್ನು "ಮಾರಕ ಆಯುಧದಿಂದ ಹಲ್ಲೆ" ಅಂತ ಬರೆಸಲು ಕೆಲವರು ಹೋಗುತ್ತಾರೆ. ಮನುಷ್ಯನ ಹಲ್ಲು ಆ ಅರ್ಥದಲ್ಲಿ ಆಯುಧ ಅಲ್ಲ ಅಂತ ಸುಪ್ರೀಂ ಕೋರ್ಟ್ 2004ರ ಶಕೀಲ್ ಅಹ್ಮದ್ ಪ್ರಕರಣದಲ್ಲೇ ಹೇಳಿದೆ. ಆ ದಾರಿ ಬೇಡ.

ಶಹಾಪುರ ಮೇಷ್ಟ್ರು
ಡಾಕ್ಟರ್ ಮೇಡಂ, ನಮ್ಮ ಯಾದಗಿರಿ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಎಷ್ಟೋ ಜನರ ಹಲ್ಲು ಕಂದು ಬಣ್ಣಕ್ಕೆ ತಿರುಗಿದೆ. ಕಾಕು ಅವರು ಅವನ ಹಲ್ಲು ನೋಡಿದ್ದರೆ ಅದು ಗುರುತಿಗೆ ಬರುತ್ತಾ? ಮತ್ತೆ, ಕಳ್ಳರು ಗುಟ್ಕಾ ಉಗುಳಿ ಹೋಗುತ್ತಾರಲ್ಲ, ಅದರಲ್ಲೂ ಡಿಎನ್‌ಎ ಸಿಗುತ್ತಾ?

ಹಲ್ಲಿನ ಡಾಕ್ಟರ್
ಒಳ್ಳೆಯ ಪ್ರಶ್ನೆ ಮೇಷ್ಟ್ರೇ. ಹಲ್ಲಿನ ಬಣ್ಣ ಚರ್ಮದ ಮೇಲೆ ಮೂಡುವುದಿಲ್ಲ. ಮೂಡುವುದು ಅಂಚು, ಸಂದು, ಓರೆ, ಇಲ್ಲದ ಹಲ್ಲಿನ ಖಾಲಿ ಜಾಗ ಇಂಥವು. ನೋಡಿದವರು "ಹಲ್ಲು ಕಂದು ಇತ್ತು" ಅಂದರೆ ಪೊಲೀಸರಿಗೆ ಹುಡುಕಲು ಒಂದು ಎಳೆ ಸಿಗಬಹುದು. ಆದರೆ ಆ ಎಳೆ ಹಿಡಿದು ಹೋದರೆ ನಿಮ್ಮ ತಾಲ್ಲೂಕಿನ ಎಷ್ಟು ಜನ ಅನುಮಾನಕ್ಕೆ ಬೀಳುತ್ತಾರೆ ಯೋಚಿಸಿ! ಕುಡಿಯುವ ನೀರು ಕೆಟ್ಟದ್ದು ಅವರ ತಪ್ಪಾ? ಗುಟ್ಕಾದಿಂದ ಕೆಂಪಾದ ಹಲ್ಲಿಗೂ ಇದೇ ಮಾತು. ಊರಿಗೆಲ್ಲ ಸಾಮಾನ್ಯವಾದ ಲಕ್ಷಣದಿಂದ ಒಬ್ಬನನ್ನು ಗುರುತಿಸಲು ಆಗುವುದಿಲ್ಲ.

ಹಾಗಂತ ಹಲ್ಲಿನ ಗುರುತು ವ್ಯರ್ಥ ಅಲ್ಲ. ಆಳನ್ನು ಬಿಟ್ಟುಬಿಡಲು ಅದು ಉಪಯೋಗಕ್ಕೆ ಬರುತ್ತದೆ. ಗುರುತಿನಲ್ಲಿ ಮೇಲಿನ ಮುಂದಿನ ಹಲ್ಲುಗಳೆಲ್ಲ ಸ್ಪಷ್ಟವಾಗಿ ಮೂಡಿದ್ದು, ಹಿಡಿದು ತಂದವನಿಗೆ ಅಲ್ಲಿ ಎರಡು ಹಲ್ಲೇ ಇಲ್ಲದಿದ್ದರೆ, ಮತ್ತು ಅವು ಮೊದಲೇ ಬಿದ್ದಿದ್ದರೆ, ಅವನು ಕಚ್ಚಿರಲಾರ. ಎರಡು ಕೋರೆ ಹಲ್ಲುಗಳ ಗುರುತಿನ ನಡುವೆ ಮೂರು ಸೆಂಟಿಮೀಟರ್‌ಗಿಂತ ಜಾಸ್ತಿ ಅಂತರ ಇದ್ದರೆ ಕಚ್ಚಿದ್ದು ದೊಡ್ಡವರು ಅಂತ ಅನುಮಾನ ಪಡುತ್ತೇವೆ. ಮಕ್ಕಳ ಮೇಲಿನ ದೌರ್ಜನ್ಯದಲ್ಲಿ ಇದು ಬಹಳ ಮುಖ್ಯ, ಮನೆಯವರು "ತಮ್ಮ ಕಚ್ಚಿದ" ಅಂದಾಗ ಡಾಕ್ಟರು ಅಳತೆ ಹಿಡಿದು ನೋಡಬೇಕು. ಅದಕ್ಕೇ ಫೋಟೊ ತೆಗೆಯುವಾಗ ಪಕ್ಕದಲ್ಲಿ ಅಳತೆಪಟ್ಟಿ ಇಡಬೇಕು, ಕ್ಯಾಮೆರಾ ನೇರ ಮೇಲಿಂದ ಹಿಡಿಯಬೇಕು. ಓರೆಯಾಗಿ ತೆಗೆದ ಫೋಟೊದಲ್ಲಿ ಅಳತೆಯೇ ಸುಳ್ಳಾಗುತ್ತದೆ. ಅವಳಿ ಜವಳಿಗಳ ವಿಷಯವೂ ಹೇಳಬೇಕು. ಒಂದೇ ರೂಪದ ಅವಳಿಗಳನ್ನು ಸಾಮಾನ್ಯ ಡಿಎನ್‌ಎ ಪರೀಕ್ಷೆ ಬೇರೆ ಮಾಡಲಾರದು, ಆದರೆ ಅವರ ಹಲ್ಲಿನ ಜೋಡಣೆ ಪೂರ್ತಿ ಒಂದೇ ಇರುವುದಿಲ್ಲ.

ಗುಟ್ಕಾ ಉಗುಳಿನಿಂದ ಡಿಎನ್‌ಎ ತೆಗೆಯಬಹುದು. ಅಡಿಕೆ, ತಂಬಾಕಿನ ಅಂಶಗಳು ಪರೀಕ್ಷೆಗೆ ಅಡ್ಡ ಬರುತ್ತವೆ, ಅವನ್ನು ಶುದ್ಧ ಮಾಡಿ ತೆಗೆಯಬೇಕಾಗುತ್ತದೆ. ಬೀಡಿ ತುಂಡು, ಚಹಾದ ಕಪ್ಪು, ನೀರಿನ ಬಾಟಲಿ, ಅರ್ಧ ಕಚ್ಚಿ ಬಿಟ್ಟ ಪೇರಲ ಹಣ್ಣು ಎಲ್ಲದರಿಂದಲೂ ಸಿಗಬಹುದು. ಆದರೆ ಬೀಡಿ ತುಂಡು ಹೇಳುವುದು ಆ ಬೀಡಿ ಅವನ ಬಾಯಿಗೆ ಹೋಗಿತ್ತು ಅಂತ ಮಾತ್ರ. ಕಟ್ಟೆಯ ಮೇಲೆ ಕೂತು ಸೇದಿದ ಬೀಡಿ ಗಾಳಿಗೆ ಉರುಳಿ ಕಳುವಾದ ಮನೆಯ ಅಂಗಳ ಸೇರಬಹುದು. ಕಚ್ಚಿದ ಜಾಗದ ಎಂಜಲು ಹಾಗಲ್ಲ. ಅದು ಅಲ್ಲಿಗೆ ಬರಲು ಸಾಮಾನ್ಯವಾಗಿ ಕಚ್ಚಿದ್ದೇ ಕಾರಣ. ಅದಕ್ಕೇ ನಾನು ಅದರ ಬಗ್ಗೆ ಇಷ್ಟು ಒತ್ತಿ ಹೇಳುತ್ತಿರುವುದು.

ಬ್ರಹ್ಮಪುರದವ
ಎಲ್ಲರಿಗೂ ದೊಡ್ಡ ಉಪಕಾರ ಆಯಿತು. ಇವತ್ತು ಕಾಕುಗೆ ಇಂಜೆಕ್ಷನ್ ಆಯಿತು, ಎಂಎಲ್‌ಸಿ ಆಯಿತು, ಅಳತೆಪಟ್ಟಿ ಇಟ್ಟು ಫೋಟೊ ತೆಗೆದರು. ಠಾಣೆಯಲ್ಲಿ ಹೊಸದಾಗಿ ಬಂದ ಪಿಎಸ್‌ಐ ಪೂರ್ತಿ ಕೇಳಿ ಹೇಳಿಕೆ ಬರೆಸಿಕೊಂಡರು, ಜಂಪರ್ ಕಾಗದದ ಕವರ್‌ನಲ್ಲಿ ಮೊಹರು ಮಾಡಿದರು. ಒಂದು ಅನುಮಾನ ಉಳಿದಿದೆ. ಡಿಎನ್‌ಎ ಸಿಕ್ಕರೆ ಅದನ್ನು ಯಾವುದರ ಜೊತೆ ಹೋಲಿಸುತ್ತಾರೆ? ಆಳೇ ಗೊತ್ತಿಲ್ಲವಲ್ಲ?

ಜೇವರ್ಗಿ ರಸ್ತೆ ವಕೀಲ
ಅದೇ ಕಷ್ಟ. ಎಲ್ಲರ ಡಿಎನ್‌ಎ ಇಟ್ಟುಕೊಂಡ ಖಜಾನೆ ನಮ್ಮ ದೇಶದಲ್ಲಿಲ್ಲ, ಇರಲೂಬಾರದು ಅಂತ ನನ್ನ ಅಭಿಪ್ರಾಯ. ಡಿಎನ್‌ಎ ಬ್ಯಾಂಕಿಗಾಗಿ ತಂದಿದ್ದ 2019ರ ಮಸೂದೆಯನ್ನು 2023ರಲ್ಲಿ ವಾಪಸ್ ತಗೊಂಡರು. ಹಾಗಾಗಿ ಮೊದಲು ಅನುಮಾನಿತ ಸಿಗಬೇಕು, ಆಮೇಲೆ ಅವನ ಕೆನ್ನೆಯ ಒಳಗಿನ ಮಾದರಿ ತೆಗೆದು ಹೋಲಿಸುತ್ತಾರೆ. ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ 1983ರಲ್ಲಿ, 1986ರಲ್ಲಿ ಇಬ್ಬರು ಹುಡುಗಿಯರ ಕೊಲೆಯಾದಾಗ ಆಳು ಗೊತ್ತಿಲ್ಲದೆ ಸುತ್ತಲಿನ ಊರುಗಳ ಸುಮಾರು 5,000 ಗಂಡಸರ ರಕ್ತ, ಎಂಜಲು ತೆಗೆದರು. ಅಲೆಕ್ ಜೆಫ್ರೀಸ್ ಡಿಎನ್‌ಎ ಗುರುತಿನ ವಿಧಾನ ಕಂಡುಹಿಡಿದು ಆಗ ಹೆಚ್ಚು ದಿನ ಆಗಿರಲಿಲ್ಲ. ಅಷ್ಟು ಜನರ ಮಾದರಿ ತೆಗೆಯುವ ಮೊದಲೇ ಡಿಎನ್‌ಎ ಪರೀಕ್ಷೆಯಿಂದ ಆದದ್ದು ಏನು ಗೊತ್ತಾ? ಪೊಲೀಸರ ಮುಂದೆ ತಪ್ಪೊಪ್ಪಿಕೊಂಡಿದ್ದ 17 ವರ್ಷದ ಹುಡುಗ ನಿರಪರಾಧಿ ಅಂತ ಸಾಬೀತಾಯಿತು. ನಿಜವಾದ ಕೊಲೆಗಾರ ಕಾಲಿನ್ ಪಿಚ್‌ಫೋರ್ಕ್ ತನ್ನ ಬದಲು ಜೊತೆಗಾರನನ್ನು ಕಳಿಸಿ ಮಾದರಿ ಕೊಡಿಸಿದ್ದ. ಆ ಜೊತೆಗಾರ ಅದನ್ನು ಬಾಯಿಬಿಟ್ಟದ್ದು ಯಾರದೋ ಕಿವಿಗೆ ಬಿದ್ದು ಸಿಕ್ಕಿಬಿದ್ದ, 1988ರಲ್ಲಿ ಜೀವಾವಧಿ ಶಿಕ್ಷೆ ಆಯಿತು. ಮಾದರಿ ಕೊಡುವವನ ಗುರುತನ್ನು ಸರಿಯಾಗಿ ನೋಡದಿದ್ದರೆ ಎಂಥ ಒಳ್ಳೆಯ ವಿಜ್ಞಾನವೂ ಕೈಕೊಡುತ್ತದೆ.

ರಿಂಗ್ ರೋಡ್ ಆಟೊ
ವಕೀಲ ಸಾಹೇಬ್ರೆ, ನಮ್ಮಂಥವರ ಭಯ ಬೇರೆ. ಯಾವುದೋ ಕೇಸಿನಲ್ಲಿ ಅನುಮಾನದ ಮೇಲೆ ಹಿಡಿದು ಬಾಯಿಂದ ಎಂಜಲು ತೆಗೆದರೆ ಬೇಡ ಅನ್ನಬಹುದಾ? ಬಿಟ್ಟ ಮೇಲೂ ಅದು ಅವರ ಹತ್ತಿರವೇ ಇರುತ್ತಾ?

ಜೇವರ್ಗಿ ರಸ್ತೆ ವಕೀಲ
ಇದನ್ನು ಎಲ್ಲರೂ ತಿಳಿದಿರಬೇಕು ಅಣ್ಣಾ. ಮೈಯಿಂದ ಮಾದರಿ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತೆ ಅಲ್ಲ ಅಂತ ಕೋರ್ಟುಗಳು ಹೇಳುತ್ತಾ ಬಂದಿವೆ, ಸುಪ್ರೀಂ ಕೋರ್ಟಿನ 1961ರ ಕಾಥಿ ಕಾಲು ಓಘಡ್ ತೀರ್ಪಿನ ದಾರಿ ಅದು. ನಾಗರಿಕ ಸುರಕ್ಷಾ ಸಂಹಿತೆಯ 51ನೇ ಕಲಮಿನ ಪ್ರಕಾರ ಬಂಧಿತನ ವೈದ್ಯಕೀಯ ಪರೀಕ್ಷೆಯಲ್ಲಿ ಮಾದರಿ ತೆಗೆಯಬಹುದು, ಅದನ್ನು ಡಾಕ್ಟರೇ ಮಾಡಬೇಕು, ಆ ಪರೀಕ್ಷೆಯಿಂದ ಅಪರಾಧದ ಬಗ್ಗೆ ಸಾಕ್ಷಿ ಸಿಗುತ್ತದೆ ಅನ್ನಲು ಕಾರಣ ಇರಬೇಕು. ಸುಮ್ನೆ ರಸ್ತೆಯಲ್ಲಿ ನಿಲ್ಲಿಸಿ ಬಾಯಿ ತೆರೆಸುವಂತಿಲ್ಲ. ಬಂಧಿತರ ಬೆರಳಚ್ಚು, ಮಾದರಿಗಳನ್ನು ತೆಗೆದು ದಾಖಲೆ ಇಡುವ 2022ರ ಗುರುತಿನ ಕಾಯ್ದೆ ಬೇರೆ. ಅದರಲ್ಲಿ ಒಂದು ರಿಯಾಯಿತಿ ಇದೆ: ಹೆಂಗಸರ, ಮಕ್ಕಳ ಮೇಲಿನ ಅಪರಾಧ ಅಥವಾ ಏಳು ವರ್ಷಕ್ಕೆ ಕಡಿಮೆ ಇಲ್ಲದ ಶಿಕ್ಷೆಯ ಅಪರಾಧ ಬಿಟ್ಟು ಉಳಿದ ಕೇಸುಗಳಲ್ಲಿ ಬಂಧಿತನು ಜೈವಿಕ ಮಾದರಿ ಕೊಡಲು ಒಪ್ಪದೇ ಇರಬಹುದು.

ಆ ಕಾಯ್ದೆಯಡಿ ತೆಗೆದ ದಾಖಲೆ 75 ವರ್ಷ ಇರುತ್ತದೆ. ಆದರೆ ನಿಮ್ಮ ಮೇಲೆ ಹಿಂದೆ ಶಿಕ್ಷೆ ಏನೂ ಆಗಿರದೆ, ವಿಚಾರಣೆ ಇಲ್ಲದೆ ಬಿಟ್ಟರೆ, ಕೇಸಿನಿಂದ ಕೈಬಿಟ್ಟರೆ ಅಥವಾ ಖುಲಾಸೆ ಆದರೆ, ಮೇಲ್ಮನವಿಗಳೆಲ್ಲ ಮುಗಿದ ಮೇಲೆ ದಾಖಲೆ ನಾಶ ಮಾಡಬೇಕು. ಇಟ್ಟುಕೊಳ್ಳಬೇಕು ಅನ್ನಿಸಿದರೆ ಕೋರ್ಟು ಕಾರಣ ಬರೆದು ಆದೇಶ ಮಾಡಬೇಕು. ಖುಲಾಸೆ ಆದೇಶದ ದೃಢೀಕೃತ ನಕಲು ತೆಗೆದಿಟ್ಟುಕೊಳ್ಳಿ, ದಾಖಲೆ ನಾಶ ಮಾಡಿ ಅಂತ ಲಿಖಿತ ಅರ್ಜಿ ಕೊಡಿ. ಬರೆಯಲು ಬರದಿದ್ದರೆ ಕೋರ್ಟಿನ ಆವರಣದ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ ಕೇಳಿ, ಬಂಧನದಲ್ಲಿ ಇರುವವರಿಗೆ ಅಲ್ಲಿ ವಕೀಲರ ನೆರವು ಪುಕ್ಕಟೆ.